ವಿಷಾದದ ಔಷಧವೂ ಅಂಗಗಳ ಕಂಪವೂ

ದುಃಖವು ಮನಸ್ಸಿಗೆ ಸೇರಿದ್ದು, ನಡುಕವು ಮೈಗೆ ಸೇರಿದ್ದು ಎಂದು ಮಾತಿನಲ್ಲಿ ಎರಡನ್ನೂ ಬೇರೆಬೇರೆಯಾಗಿ ಇಡುವದು ನಮ್ಮ ರೂಢಿ. ಅನುಭವವಾದರೋ ಈ ಗಡಿಯನ್ನು ಮನ್ನಿಸುವದಿಲ್ಲ. ಕುರುಕ್ಷೇತ್ರದಲ್ಲಿ ಅರ್ಜುನನಿಗೆ ವಿಷಾದವು ಕವಿದ ಪ್ರಸಂಗವನ್ನು ವರ್ಣಿಸುವಾಗ ವ್ಯಾಸರು ಅವನ ಮನಸ್ಸನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಅವನ ಅವಯವಗಳು ಬಲಗುಂದಿದ್ದನ್ನೂ, ಮೈ ಕಂಪಿಸಿದ್ದನ್ನೂ, ಬಿಲ್ಲು ಹಿಡಿತ ತಪ್ಪಿದ್ದನ್ನೂ ಕಾಣಿಸಿದರು. ಅಲ್ಲಿ ನಡುಕಕ್ಕೆ ಬಳಸಿದ 'ವೇಪಥು' ಎಂಬ ಶಬ್ದವೇ ಮುಂದೆ ಮಾಧವನಿದಾನದಲ್ಲಿ ಒಂದು ವಾತರೋಗದ ಹೆಸರಾಗಿ ಬಂದಿದೆ. ಹೀಗೆ ಕಾವ್ಯದ ವಿಷಾದವೂ ವೈದ್ಯಶಾಸ್ತ್ರದ ರೋಗವೂ ಒಂದೇ ಶಬ್ದದ ನೆರಳಿನಲ್ಲಿ ನಿಂತಿರುವದು ಕೇವಲ ಆಕಸ್ಮಿಕವೆಂದು ನನಗೆ ತೋರುವದಿಲ್ಲ.

ನಮ್ಮ ಕಾಲದಲ್ಲಿ ಈ ಸಂಬಂಧಕ್ಕೆ ಮತ್ತೊಂದು ಗಂಟು ಬಿದ್ದಿದೆ. ಖಿನ್ನತೆಯಿಂದ ಬಳಲುವವರು ವೈದ್ಯರು ಬರೆದುಕೊಟ್ಟ ಗುಳಿಗೆಗಳನ್ನು ಸೇವಿಸಿ ಗುಣ ಹೊಂದುತ್ತಿರುವರು. ಇದು ಸಂತೋಷದ ಸಂಗತಿಯೇ. ಆದರೆ ಅವರಲ್ಲಿ ಕೆಲವರಿಗೆ ಮನಸ್ಸು ಹಗುರಾದ ಹಾಗೆಯೇ ಕೈಬೆರಳು ನಡುಗತೊಡಗುತ್ತದೆ. ಕೆಲವರಿಗೆ ಕಾಲು ಒಂದೆಡೆ ನಿಲ್ಲದು. ನಿದ್ರೆಯಲ್ಲಿ ಕೆಲವರು ಹಲ್ಲು ಕಡಿಯುವರು. ತೀರ ವಿರಳವಾಗಿ ಕೆಲವರ ತುಟಿ, ನಾಲಿಗೆ, ದವಡೆಗಳು ತಾವಾಗಿಯೇ ಅಲುಗುತ್ತಿರುವವು. ಇಲ್ಲಿ ಏಳುವ ಪ್ರಶ್ನೆಯು ವೈದ್ಯರಿಗಷ್ಟೇ ಬಿಟ್ಟುಕೊಡತಕ್ಕದ್ದಲ್ಲ. ಒಂದು ದುಃಖವನ್ನು ಕಳೆಯುವದಕ್ಕಾಗಿ ಮತ್ತೊಂದು ದುಃಖವನ್ನು ತರುವ ಸಾಧನವನ್ನು ಉಪಯೋಗಿಸಬಹುದೇ? ತನ್ನ ಇಚ್ಛೆಯಿಲ್ಲದೆ ಅಲುಗುವ ಅಂಗಕ್ಕೆ ಮನುಷ್ಯನು ಎಷ್ಟರಮಟ್ಟಿಗೆ ಹೊಣೆಗಾರನು? ಮುಂಬರುವ ಕೇಡನ್ನು ದುಃಖಿಗೆ ಮೊದಲೇ ಹೇಳುವದು ದಯೆಯೋ, ಹೇಳದಿರುವದು ದಯೆಯೋ? ಇವು ಧರ್ಮವಿಚಾರಕ್ಕೆ ಸೇರಿದ ಪ್ರಶ್ನೆಗಳಾದುದರಿಂದ ವೈದ್ಯನಲ್ಲದ ನಾನೂ ಇವುಗಳನ್ನು ಸುಜ್ಞ ವಾಚಕರ ಮುಂದೆ ಇಡುವ ಧೈರ್ಯ ಮಾಡಿದ್ದೇನೆ.

ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಏಕೆಂದರೆ ಈ ಕಥೆಯು ಪರದೇಶದಲ್ಲಿ ಅಲ್ಲ, ನಮ್ಮ ನೆಲದ ಒಂದು ಗಿಡದಿಂದ ಆರಂಭವಾಗುತ್ತದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧಿಯ ಬೇರನ್ನು ಉನ್ಮಾದಕ್ಕೂ ನಿದ್ರಾಹೀನತೆಗೂ ಕೊಡುವದು ಹಳೆಯ ವೈದ್ಯರಿಗೆ ತಿಳಿದಿತ್ತು. 1931ರಲ್ಲಿ ಕಲಕತ್ತೆಯ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಈ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ಇಳಿಸುವದೆಂದು ಬರೆದು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಮ್ ಜಾಲ್ ವಕೀಲರು ಬ್ರಿಟಿಷ್ ಹೃದಯಪತ್ರಿಕೆಯೊಂದರಲ್ಲಿ ಇದರ ಗುಣವನ್ನು ಸವಿವರವಾಗಿ ಸಾರಿದ ಮೇಲೆ ಪಶ್ಚಿಮವು ಎಚ್ಚತ್ತಿತು. 1952ರಲ್ಲಿ ಸ್ವಿತ್ಝರ್ಲಂಡದ ರಸಾಯನಜ್ಞರು ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಆದರೆ ಸಾರವು ಲೋಕದಲ್ಲೆಲ್ಲ ಹರಡಿದ ಹಾಗೆಯೇ ಎರಡು ದೂರುಗಳು ಬಂದವು. ಕೆಲವರ ಮೈ ಮರಗಟ್ಟಿ, ಕೈ ನಡುಗಿ, ಪಾರ್ಕಿನ್‌ಸನ್ ರೋಗಿಯ ಹಾಗೆ ತೋರಿತು. ಮತ್ತೆ ಕೆಲವರಿಗೆ ಅಕಾರಣವಾಗಿ ವಿಷಾದವು ಕವಿಯಿತೆಂದು ವೈದ್ಯರು ಬರೆದರು. ಈ ಎರಡನೆಯ ದೂರು ಎಷ್ಟರಮಟ್ಟಿಗೆ ನಿಜವೆಂಬದನ್ನು ಈಚಿನವರು ಮತ್ತೆ ಶಂಕಿಸಿದ್ದಾರೆ. ಮೊದಲನೆಯದು ಮಾತ್ರ ನಿರ್ವಿವಾದವಾಗಿದೆ.

1957ರಲ್ಲಿ ಸ್ವೀಡನ್ನಿನ ಆರ್ವಿದ್ ಕಾರ್ಲ್‌ಸನ್ನರು ಮೊಲಗಳಿಗೆ ರಿಸರ್ಪಿನ್ ಕೊಟ್ಟು ಅವು ಕದಲದೆ ಬೀಳುವಂತೆ ಮಾಡಿ, ಬಳಿಕ ಡೋಪಾ ಎಂಬ ದ್ರವ್ಯವನ್ನು ಚುಚ್ಚಿದಾಗ ಅವು ಮತ್ತೆ ಎದ್ದು ಓಡಾಡಿದ್ದನ್ನು ಕಂಡರು. ಚಲನೆಯ ಸೂತ್ರವು ಮಿದುಳಿನಲ್ಲಿರುವ ಡೋಪಮೈನ್ ಎಂಬ ರಸದ ಕೈಯಲ್ಲಿದೆ ಎಂಬ ಅರಿವಿಗೆ ಈ ಪ್ರಯೋಗವೇ ದಾರಿ ತೋರಿಸಿತು; 2000ನೆಯ ಇಸವಿಯಲ್ಲಿ ಅವರಿಗೆ ನೋಬೆಲ್ ಪಾರಿತೋಷಕವು ದೊರೆಯಿತು. ಆ ಡೋಪಾ ನಮ್ಮ ಹೊಲದ ಬೇಲಿಯ ಮೇಲೆ ಹಬ್ಬುವ ನಸುಗುನ್ನಿಯ ಬೀಜದಲ್ಲಿಯೂ ಇದೆ. ಅದನ್ನು ಆ ಬೀಜದಿಂದ ತೆಗೆದು 1937ರಲ್ಲಿಯೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ದಕ್ಷಿಣದೇಶದ ವಿದ್ವಾಂಸರು ಪ್ರಕಟಿಸಿದ್ದರು. ನಡುಕವನ್ನು ತರುವ ಬೇರೂ ನಡುಕವನ್ನು ತಗ್ಗಿಸುವ ಬೀಜವೂ ಒಂದೇ ನಾಡಿನಲ್ಲಿ ಬೆಳೆದಿರುವದನ್ನು ವಾಚಕರು ಗಮನಿಸಬೇಕು.

ಅದೇ ದಶಕದಲ್ಲಿ ವಿಷಾದಕ್ಕೆ ಔಷಧಗಳು ಹುಟ್ಟಿದವು. ಕ್ಷಯರೋಗಕ್ಕಾಗಿ ತಯಾರಿಸಿದ ಇಪ್ರೋನಿಯಝಿಡ್ ರೋಗಿಗಳಲ್ಲಿ ಉಲ್ಲಾಸವನ್ನು ತಂದಿತು. 1957ರಲ್ಲಿ ಸ್ವಿತ್ಝರ್ಲಂಡದ ರೋಲಾಂಡ್ ಕೂನರು ಇಮಿಪ್ರಮೀನ್ ಎಂಬ ಔಷಧವು ಖಿನ್ನತೆಯನ್ನು ಕಳೆಯುವದೆಂದು ಪ್ರಕಟಿಸಿದರು. 1987ರಲ್ಲಿ ಅಮೇರಿಕೆಯು ಫ್ಲುಒಕ್ಸೆಟಿನ್ ಔಷಧಕ್ಕೆ ಒಪ್ಪಿಗೆಯನ್ನಿತ್ತಿತು. ಸೆರೊಟೋನಿನ್ ಎಂಬ ಮತ್ತೊಂದು ರಸವನ್ನು ನರಗಳ ಸಂದಿನಲ್ಲಿ ಹೆಚ್ಚು ಹೊತ್ತು ಉಳಿಸುವ ಈ ವರ್ಗದ ಗುಳಿಗೆಗಳೇ ಇಂದು ಎಲ್ಲೆಡೆಯಲ್ಲಿಯೂ ಬಳಕೆಯಲ್ಲಿವೆ. ಇವು ಹಳೆಯವುಗಳಿಗಿಂತ ಹೃದಯಕ್ಕೆ ಸೌಮ್ಯವಾದವುಗಳೆಂಬದು ನಿಜ. ಆದರೆ ಸೆರೊಟೋನಿನ್ ಹೆಚ್ಚಾದಲ್ಲಿ ಚಲನೆಯನ್ನು ತಿದ್ದುವ ಮಿದುಳಿನ ಒಳಗಂಟುಗಳಲ್ಲಿ ಡೋಪಮೈನಿನ ಕೆಲಸವು ಕುಗ್ಗಬಹುದೆಂದು ಬಲ್ಲವರು ಊಹಿಸಿದ್ದಾರೆ. ಒಂದು ಕಾಲುವೆಗೆ ನೀರು ಹೆಚ್ಚು ಬಿಟ್ಟರೆ ಇನ್ನೊಂದರಲ್ಲಿ ನೀರು ಇಳಿದಂತೆ ಎಂದು ಸ್ಥೂಲವಾಗಿ ಹೇಳಬಹುದು.

ಇದರಿಂದ ಉಂಟಾಗುವ ದೋಷಗಳು ಒಂದೇ ಬಗೆಯವಲ್ಲ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಬೆರಳುಗಳ ಸಣ್ಣ ನಡುಕ. ಪ್ರಮಾಣವನ್ನು ಇಳಿಸಿದರೆ ಇದು ಬಹುಮಟ್ಟಿಗೆ ಇಳಿಯುತ್ತದೆ. ಎರಡನೆಯದು ಅಕತೀಸಿಯಾ. ಒಳಗೊಂದು ಸಹಿಸಲಾಗದ ಚಡಪಡಿಕೆಯೆದ್ದು ಮನುಷ್ಯನು ಕುಳಿತಲ್ಲಿ ಕುಳಿತಿರಲಾರದೆ ನಡೆಯುತ್ತಲೇ ಇರುವದು ಇದರ ಲಕ್ಷಣ. ಇದು ಬಹುತರ ಔಷಧವನ್ನು ಆರಂಭಿಸಿದ ಅಥವಾ ಹೆಚ್ಚಿಸಿದ ಮೊದಲ ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೂರನೆಯದು ಮೈಯ ಬಿಗಿತ, ನಡಿಗೆಯ ಮಂದತೆ. ಇದು ವೃದ್ಧರಲ್ಲಿ ಹೆಚ್ಚು. ನಾಲ್ಕನೆಯದು ಟಾರ್ಡಿವ್ ಡಿಸ್ಕಿನೇಸಿಯಾ, ಅಂದರೆ ತಡವಾಗಿ ತಲೆದೋರುವ ಮುಖ, ನಾಲಿಗೆಗಳ ಅಲುಗಾಟ. ಉನ್ಮಾದದ ಔಷಧಗಳಿಂದ ಇದು ಬರುವದು ಪ್ರಸಿದ್ಧವಾಗಿದೆ. ಕೇವಲ ಖಿನ್ನತೆಯ ಔಷಧದಿಂದ ಬರುವದು ವಿರಳ. ಆದರೆ ಬಂದಾಗ ಔಷಧವನ್ನು ಬಿಟ್ಟ ಮೇಲೂ ಕೆಲವರಲ್ಲಿ ಇದು ಉಳಿದುಬಿಡುವದು. ಇವೆಲ್ಲಕ್ಕಿಂತ ಬೇರೆಯಾಗಿ, ಸೆರೊಟೋನಿನ್ ಹೆಚ್ಚಿಸುವ ಎರಡು ಔಷಧಗಳು, ಉದಾಹರಣೆಗೆ ಖಿನ್ನತೆಯ ಗುಳಿಗೆಯೂ ಟ್ರಮಡಾಲ್ ಎಂಬ ನೋವಿನ ಗುಳಿಗೆಯೂ, ಕೂಡಿದಾಗ ಜ್ವರ, ಬೆವರು, ಸ್ನಾಯುಗಳ ಸೆಳೆತ, ಭ್ರಮೆ ಇವು ಒಟ್ಟಾಗಿ ಬರಬಹುದು. ಆಗ ವಿಚಾರಕ್ಕೆ ವೇಳೆಯಿಲ್ಲ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಹೊಣೆಯ ಪ್ರಶ್ನೆಗೆ ಬರೋಣ. ಪಾಠಶಾಲೆಯಲ್ಲಿ ತರ್ಕವನ್ನು ಓದಿದವರಿಗೆ ವೈಶೇಷಿಕಸೂತ್ರದ ಐದನೆಯ ಅಧ್ಯಾಯವು ನೆನಪಿರಬಹುದು. ಅಲ್ಲಿ ಕಣಾದರು ಕರ್ಮವನ್ನು, ಅಂದರೆ ಚಲನೆಯನ್ನು, ಪರೀಕ್ಷಿಸುವಾಗ ಎತ್ತಿಕೊಂಡ ಉದಾಹರಣೆ ನಮ್ಮ ಮನೆಯ ಒನಕೆಯೇ. ಕೈ ಮೇಲೇಳುವದು ಆತ್ಮದ ಸಂಯೋಗದಿಂದಲೂ ಪ್ರಯತ್ನದಿಂದಲೂ; ಕೈಯ ಸಂಯೋಗದಿಂದ ಒನಕೆಯು ಮೇಲೇಳುವದು. ಆದರೆ ಒನಕೆಯು ಒರಳಿಗೆ ಬಡಿದು ಪುಟಿದಾಗ ಅದರೊಡನೆ ಕೈಯೂ ಮೇಲೇಳುವದಷ್ಟೆ. ಆ ಏಳುವಿಕೆಗೆ ಕುಟ್ಟುವವಳ ಪ್ರಯತ್ನವು ಕಾರಣವಲ್ಲ, ಪೆಟ್ಟೇ ಕಾರಣ. ನಿದ್ರಿಸುವವನ ಅಂಗವು ಅಲುಗುವದೂ ಅವನ ಪ್ರಯತ್ನವಿಲ್ಲದೆಯೇ ಎಂದು ಅದೇ ಅಧ್ಯಾಯವು ಒಪ್ಪುತ್ತದೆ. ಮುಂದೆ ಪ್ರಶಸ್ತಪಾದರು ಪ್ರಯತ್ನವನ್ನೇ ಎರಡಾಗಿ ವಿಂಗಡಿಸಿದರು: ಉಸಿರಾಟವನ್ನು ನಡೆಯಿಸುವ ಜೀವನಪೂರ್ವಕ ಪ್ರಯತ್ನ ಒಂದು, ಇಚ್ಛೆ ಅಥವಾ ದ್ವೇಷದಿಂದ ಹುಟ್ಟುವ ಪ್ರಯತ್ನ ಮತ್ತೊಂದು. ಪುಣ್ಯಪಾಪಗಳ ಲೆಕ್ಕವು ಎರಡನೆಯದಕ್ಕೆ ಮಾತ್ರ ಎಂದು ನಾವು ಸಾಮಾನ್ಯವಾಗಿ ತಿಳಿಯುವೆವು.

ಈ ವಿಂಗಡಣೆಯನ್ನು ಪ್ರಕೃತಕ್ಕೆ ಅನ್ವಯಿಸಿ ನೋಡಿರಿ. ಔಷಧದಿಂದ ಬೆರಳು ನಡುಗಿದರೆ ಅದು ಪುಟಿದ ಒನಕೆಯೊಡನೆ ಏಳುವ ಕೈಯ ಹಾಗೆ: ಪ್ರಯತ್ನವಿಲ್ಲ, ಆದುದರಿಂದ ಹೊಣೆಯಿಲ್ಲ. ನಾಲಿಗೆಯು ತಾನಾಗಿ ಹೊರಳಿದರೂ ಹೀಗೆಯೇ; ಎಷ್ಟೋ ಸಲ ಆ ಮನುಷ್ಯನಿಗೆ ತನ್ನ ಮುಖವು ಅಲುಗುತ್ತಿರುವದರ ಅರಿವೂ ಇರುವದಿಲ್ಲ. ಇಲ್ಲಿಯವರೆಗೆ ಯಾರಿಗೂ ತೊಡಕಿಲ್ಲ. ತೊಡಕು ಇರುವದು ಅಕತೀಸಿಯಾದಲ್ಲಿ. ಅಲ್ಲಿ ರೋಗಿಯು ನಡೆಯುವದು ತನ್ನ ಇಚ್ಛೆಯಿಂದಲೇ. 'ಯಾಕೆ ಹೀಗೆ ತಿರುಗಾಡುತ್ತೀ?' ಎಂದು ಕೇಳಿದರೆ 'ನಡೆಯಬೇಕೆನಿಸುತ್ತದೆ' ಎಂದೇ ಅವನು ಹೇಳುವನು. ಪ್ರಯತ್ನವು ಅವನದು, ಆದರೆ ಆ ಪ್ರಯತ್ನದ ಬೆನ್ನಿಗಿರುವ ಇಚ್ಛೆಯನ್ನು ಹುಟ್ಟಿಸಿದ್ದು ಗುಳಿಗೆ. ಕಣಾದರ ಒನಕೆಯ ಹಾಗೆ ಕೈಯನ್ನು ಹೊರಗಿನಿಂದ ಎತ್ತಿದ್ದಲ್ಲ. ಇಚ್ಛೆಯನ್ನೇ ಒಳಗಿನಿಂದ ಎತ್ತಿದ್ದು. ಹೀಗಿರಲು ಈ ಚಲನೆಯನ್ನು ಐಚ್ಛಿಕವೆನ್ನೋಣವೋ, ಅನೈಚ್ಛಿಕವೆನ್ನೋಣವೋ?

ನನಗೆ ತೋರುವ ಉತ್ತರವಿದು. ಇಚ್ಛೆಯು ಒಬ್ಬನದೆಂದು ಹೇಳಬೇಕಾದರೆ ಅದು ಅವನಲ್ಲಿ ಹುಟ್ಟಿದರಷ್ಟೇ ಸಾಲದು. ಅವನ ವಿವೇಕವು ಅದನ್ನು ಒಪ್ಪಲು ಅಥವಾ ತಳ್ಳಲು ಶಕ್ತವಾಗಿರಬೇಕು. ಹಸಿದವನು ಊಟಕ್ಕೆ ಕೂಡ್ರುವಾಗ ಅತಿಥಿಯು ಬಂದರೆ ತಡೆದು ನಿಲ್ಲಬಲ್ಲನು. ಉಸಿರು ಕಟ್ಟಿದವನಿಗೆ ಉಸಿರಾಡುವ ಇಚ್ಛೆಯನ್ನು ತಡೆಯಲಾಗದು. ಅಕತೀಸಿಯಾದ ನಡಿಗೆಯು ಈ ಎರಡನೆಯದಕ್ಕೆ ಹತ್ತಿರವಾದದ್ದು. ಕ್ಷಣಹೊತ್ತು ತಡೆಯಬಹುದು, ತಡೆದಷ್ಟೂ ಒಳಗಿನ ಸಂಕಟವು ಏರುವದು. ಆದುದರಿಂದ ಅದನ್ನು ಹಟವೆಂದೋ ಚಾಳಿಯೆಂದೋ ಬೈಯುವದು ಅನ್ಯಾಯ. ಇಲ್ಲಿ ಶಬ್ದದ ಚರ್ಚೆಗಿಂತ ದೊಡ್ಡದಾದ ಅಪಾಯವೊಂದಿದೆ. ಈ ಚಡಪಡಿಕೆಯನ್ನು ಮನೆಯವರೂ ಕೆಲವೊಮ್ಮೆ ವೈದ್ಯರೂ ಮೂಲರೋಗವೇ ಉಲ್ಬಣಿಸಿತೆಂದು ಭಾವಿಸಿದರೆ, ಕಡಿಮೆ ಮಾಡಬೇಕಾದ ಔಷಧವನ್ನು ಹೆಚ್ಚಿಸುವ ಪ್ರಸಂಗ ಬರುವದು; ಸಂಕಟವು ಸಹಿಸಲಾಗದಷ್ಟಾದರೆ ಪ್ರಾಣವನ್ನೇ ಕಳೆದುಕೊಳ್ಳುವ ಯೋಚನೆ ರೋಗಿಗೆ ಬರಬಹುದು. ಒಂದು ಚಲನೆಯನ್ನು ಯಾವ ಹೆಸರಿನಿಂದ ಕರೆಯುವೆವೆಂಬದರ ಮೇಲೆ ಒಂದು ಜೀವವು ನಿಂತಿರಬಹುದು. ನಮ್ಮ ಕಡೆಯ ಮನೆಗಳಲ್ಲಿ 'ಮೈಮೇಲೆ ಬಂದಿದೆ', 'ಬೇಕಂತಲೇ ಮಾಡುತ್ತಾಳೆ' ಎಂಬ ಮಾತುಗಳು ಎಷ್ಟು ಸುಲಭವಾಗಿ ಹೊರಡುತ್ತವೆ ಎಂಬದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ಇದರ ವಿರುದ್ಧದ ತಪ್ಪೂ ಇದೆ. ಗುಳಿಗೆ ನುಂಗಿದ ಮೇಲೆ ನಡುಕ ಬಂದಿತು, ಆದುದರಿಂದ ಗುಳಿಗೆಯಿಂದಲೇ ನಡುಕ ಬಂದಿತು ಎನ್ನುವದು ಕಾಕತಾಲೀಯವಾದೀತು. ಕಾಗೆ ಕೂತದ್ದಕ್ಕೆ ತಾಳೆಹಣ್ಣು ಬಿದ್ದಿತೆಂದ ಹಾಗೆ. ವೃದ್ಧಾಪ್ಯದಲ್ಲಿ ಬರುವ ಪಾರ್ಕಿನ್‌ಸನ್ ರೋಗವು ಎಷ್ಟೋ ಜನರಲ್ಲಿ ಕೈ ನಡುಗುವ ಎಷ್ಟೋ ಮೊದಲೇ ವಿಷಾದದ ರೂಪದಲ್ಲಿ ಇಣಿಕಿ ನೋಡುವದು. ಅಂಥವನಿಗೆ ವಿಷಾದಕ್ಕೆ ಔಷಧವನ್ನು ಕೊಟ್ಟು, ಬಳಿಕ ನಡುಕವು ಕಾಣಿಸಿದರೆ, ಅಪವಾದವು ನಿರಪರಾಧಿಯಾದ ಔಷಧದ ಮೇಲೆ ಬೀಳುವದು. ಮತ್ತೆ, ಮನೆಯಲ್ಲಿ ನಡುಕವನ್ನು ತರಬಲ್ಲ ಬೇರೆ ಗುಳಿಗೆಗಳು ಗುರುತಿಲ್ಲದೆ ಇರುವವು. ಹೊಟ್ಟೆಯುಬ್ಬರಕ್ಕೆಂದು ಹೊಟ್ಟೆಹುಣ್ಣಿನ ಔಷಧದೊಡನೆ ಬೆರೆಸಿ ಕೊಡುವ ಲೆವೊಸಲ್ಪಿರೈಡ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಝಿನ್, ಅರೆತಲೆನೋವಿಗೆ ಕೊಡುವ ಫ್ಲುನರಿಝಿನ್ ಇವು ಡೋಪಮೈನಿನ ಕೆಲಸವನ್ನು ತಡೆಯಬಲ್ಲವು. ತಿಂಗಳುಗಟ್ಟಲೆ ನುಂಗಿದರೆ ಮೈ ಬಿಗಿಯುವದೂ ಮುಖ ಅಲುಗುವದೂ ಉಂಟು. ಇವುಗಳಲ್ಲಿ ಕೊನೆಯದು ಕೆಲವರಿಗೆ ವಿಷಾದವನ್ನೂ ತರಬಲ್ಲದು. ಮನಸ್ಸಿನ ಗುಳಿಗೆಯನ್ನು ಅನುಮಾನದಿಂದ ನೋಡುವ ನಾವು ಹೊಟ್ಟೆಯ ಗುಳಿಗೆಯನ್ನು ಅನುಮಾನಿಸುವದೇ ಇಲ್ಲ.

ಹಾಗಾದರೆ ಕಾರಣವನ್ನು ನಿಶ್ಚಯಿಸುವ ಬಗೆ ಯಾವದು? ನಮ್ಮ ಶಾಸ್ತ್ರವು ಹೇಳುವ ಅನ್ವಯವ್ಯತಿರೇಕವೇ. ಔಷಧವಿದ್ದಾಗ ದೋಷವಿದೆಯೇ? ಔಷಧವನ್ನು ತೆಗೆದಾಗ ದೋಷವು ಹೋಯಿತೇ? ಮತ್ತೆ ಕೊಟ್ಟಾಗ ಮರಳಿ ಬಂದಿತೇ? ಬೇರೆ ಕಾರಣವು ಇರಲಿಲ್ಲವೇ? 1981ರಲ್ಲಿ ನರಾಂಹೊ ಎಂಬವರು ತಮ್ಮ ಸಂಗಡಿಗರೊಡನೆ ರಚಿಸಿದ, ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಪ್ರಶ್ನಾವಳಿಯು ಇವೇ ಪ್ರಶ್ನೆಗಳನ್ನು ಅಂಕಗಳೊಡನೆ ಕೇಳುತ್ತದೆ. ಆದರೆ ಈ ಪರೀಕ್ಷೆಯನ್ನು ಮನೆಯವರು ತಾವೇ ಕೈಕೊಳ್ಳಲಾಗದು. ಖಿನ್ನತೆಯ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಳವಳ, ನಿದ್ರೆಗೇಡು ಉಂಟಾಗುವದಲ್ಲದೆ ಹಳೆಯ ವಿಷಾದವು ಮರಳಿ ಬರುವ ಭಯವೂ ಇದೆ. ತೆಗೆಯುವದಾದರೂ ವೈದ್ಯರ ಕಣ್ಣಮುಂದೆ, ಮೆಲ್ಲಮೆಲ್ಲಗೆ ತೆಗೆಯಬೇಕು.

ಈಗ ಧರ್ಮದ ಪ್ರಶ್ನೆ. ಎರಡು ಪೂರ್ವಪಕ್ಷಗಳಿವೆ. ಮೊದಲನೆಯವರು ಹೇಳುವದೇನೆಂದರೆ: 'ದುಃಖವು ಕರ್ಮಾಯತ್ತವಾದದ್ದು, ಅದನ್ನು ವಿವೇಕದಿಂದಲೂ ಭಕ್ತಿಯಿಂದಲೂ ಗೆಲ್ಲಬೇಕಲ್ಲದೆ ಗುಳಿಗೆಯಿಂದಲ್ಲ. ಅರ್ಜುನನ ವಿಷಾದವನ್ನು ಕೃಷ್ಣನು ಉಪದೇಶದಿಂದ ಕಳೆದನಲ್ಲವೆ?' ಇದಕ್ಕೆ ಸಮಾಧಾನವಿದು. ಅರ್ಜುನನು ಪ್ರಶ್ನೆ ಕೇಳಬಲ್ಲವನಾಗಿದ್ದನು. ಉತ್ತರವನ್ನು ಹಿಡಿದಿಡುವ ಶಕ್ತಿ ಅವನ ಮನಸ್ಸಿಗೆ ಉಳಿದಿತ್ತು. ಗಾಢವಾದ ಖಿನ್ನತೆಯಲ್ಲಿ ಬಿದ್ದವನಿಗೆ ಊಟ ಬೇಡ, ನಿದ್ರೆ ಬಾರದು, ಮಗುವಿನ ಮೋರೆಯೂ ಪ್ರಿಯವೆನಿಸದು. ಅವನಿಗೆ ಉಪದೇಶವು ಒಡೆದ ಕೊಡದಲ್ಲಿ ಎರೆದ ನೀರು. ಮೊದಲು ಕೊಡವು ಬಿಗಿಯಾಗಲಿ, ಬಳಿಕ ಉಪದೇಶವು ನಿಂತೀತು. ಜ್ವರಕ್ಕೆ ಕಷಾಯವನ್ನು ಕುಡಿಯುವವನನ್ನು ಕರ್ಮಭೀರುವೆಂದು ಯಾರೂ ಜರಿಯುವದಿಲ್ಲ. ಮನಸ್ಸಿಗೆ ಮಾತ್ರ ಬೇರೆ ನ್ಯಾಯವನ್ನು ಹಚ್ಚುವದಕ್ಕೆ ಆಧಾರವಿಲ್ಲ.

ಎರಡನೆಯವರು ಹೇಳುವದು ಇದಕ್ಕೆ ತದ್ವಿರುದ್ಧ: 'ವೈದ್ಯರು ಬಲ್ಲರು, ಅವರು ಕೊಟ್ಟದ್ದನ್ನು ನುಂಗುವದು ನಮ್ಮ ಕೆಲಸ, ಕೈ ನಡುಗಿದರೆ ನಡುಗಲಿ, ಜೀವ ಉಳಿಯಿತಲ್ಲ.' ಇದೂ ಸಾಧುವಲ್ಲ. ಒಂದು ರೋಗವನ್ನು ಶಮನಗೊಳಿಸಿ ಇನ್ನೊಂದನ್ನು ಎಬ್ಬಿಸುವ ಚಿಕಿತ್ಸೆಯು ಶುದ್ಧವಲ್ಲವೆಂದು ಚರಕಸಂಹಿತೆಯ ಅಭಿಪ್ರಾಯವಿದೆ. ಅದೇ ಗ್ರಂಥವು ಬೇರೊಂದೆಡೆಯಲ್ಲಿ, ಯುಕ್ತಿಯಿಂದ ಬಳಸಿದರೆ ವಿಷವೂ ಔಷಧವಾಗುವದು, ಯುಕ್ತಿಯಿಲ್ಲದೆ ಬಳಸಿದರೆ ಔಷಧವೂ ವಿಷವಾಗುವದು ಎಂದು ಸಾರುತ್ತದೆ. ಈ ಎರಡು ಮಾತುಗಳನ್ನು ಕೂಡಿಸಿ ಓದಬೇಕು. ಮೊದಲನೆಯದು ಆದರ್ಶವನ್ನು ತೋರಿಸುವದು. ಎರಡನೆಯದು ಆದರ್ಶವು ಕೈಗೆ ಸಿಗದಾಗ ನಡೆಯುವ ದಾರಿಯನ್ನು. ಪೂರ್ತಿ ಶುದ್ಧವಾದ ಚಿಕಿತ್ಸೆಯಿದ್ದರೆ ಅದನ್ನೇ ಮಾಡಬೇಕು. ಇಲ್ಲದಿದ್ದರೆ ಪ್ರಮಾಣ, ಕಾಲ, ದೇಹಪ್ರಕೃತಿ ಇವುಗಳನ್ನು ಅಳೆದು, ಕಣ್ಣಿಟ್ಟು ಕಾಯುತ್ತ, ಕಡಿಮೆ ಕೇಡಿನದನ್ನು ಆರಿಸಬೇಕು.

ನಮ್ಮ ಕೂಡಲಸಂಗಮವೇ ಇದಕ್ಕೊಂದು ದೃಷ್ಟಾಂತವಾಗಿದೆ. ನಾರಾಯಣಪುರದ ಆಣೆಕಟ್ಟು ಬರದ ನೆಲಕ್ಕೆ ನೀರನ್ನು ತಂದಿತು. ಅದೇ ನೀರು ಕೃಷ್ಣಾ ಮಲಪ್ರಭೆಗಳ ಸಂಗಮದಲ್ಲಿರುವ ಬಸವಣ್ಣನವರ ಐಕ್ಯಮಂಟಪವನ್ನು ಮುಳುಗಿಸುವ ಪ್ರಸಂಗ ಬಂದಿತು. ಜನರು ನೀರೂ ಬೇಡವೆನ್ನಲಿಲ್ಲ, ಮಂಟಪವು ಹೋಗಲಿ ಎನ್ನಲೂ ಇಲ್ಲ. ಸುತ್ತಲೂ ಬಾವಿಯ ಹಾಗೆ ಎತ್ತರವಾದ ಗೋಡೆಯನ್ನೆಬ್ಬಿಸಿ ಎರಡನ್ನೂ ಉಳಿಸಿಕೊಂಡರು. ಉಪಕಾರದ ಜೊತೆಗೆ ಬರುವ ಅಪಕಾರವನ್ನು ಕಂಡು ಉಪಕಾರವನ್ನೇ ದೂಡುವದು ಹೆಡ್ಡತನ. ಅಪಕಾರಕ್ಕೆ ಕಣ್ಣು ಮುಚ್ಚುವದು ನಿರ್ದಯತೆ. ಗೋಡೆಯನ್ನು ಕಟ್ಟುವದೇ ಧರ್ಮ.

ಆದರೆ ಯಾವ ಕೇಡು ಕಡಿಮೆ, ಯಾವದು ಹೆಚ್ಚು ಎಂಬದನ್ನು ಅಳೆಯುವವರು ಯಾರು? ಇಳಕಲ್ಲಿನ ಒಬ್ಬ ನೇಕಾರನನ್ನು ಕಲ್ಪಿಸಿಕೊಳ್ಳಿರಿ. ಸೀರೆಯ ಮೈಯ ಹಾಸನ್ನು ತೋಪುತೆನಿ ಸೆರಗಿನ ಹಾಸಿಗೆ ಕುಣಿಕೆಗಳಿಂದ ಒಂದೊಂದೇ ಎಳೆಯಾಗಿ ಜೋಡಿಸುವದು ಅವನ ಕಸುಬು. ಅವನ ಬೆರಳಿನ ಸಣ್ಣ ನಡುಕವು ವೈದ್ಯರ ಪುಸ್ತಕದಲ್ಲಿ 'ಅಲ್ಪದೋಷ'ವೆಂದು ಬರೆದಿರಬಹುದು. ಅವನಿಗೆ ಅದು ಅನ್ನದ ಪ್ರಶ್ನೆ. ಕಾಯಕವನ್ನೇ ಕೈಲಾಸವೆಂದು ತಿಳಿದ ನಾಡಿನಲ್ಲಿ ಅದು ಅನ್ನಕ್ಕಿಂತಲೂ ಹೆಚ್ಚಿನದು. ಅದೇ ನಡುಕವು ಕಿರಾಣಿ ಅಂಗಡಿಯ ಸಾಹುಕಾರನಿಗೆ ಒಂದು ಸಣ್ಣ ಕಿರಿಕಿರಿ ಮಾತ್ರ. ಹಾಗೆಯೇ, ಖಿನ್ನತೆಯಿಂದ ಎರಡು ಸಲ ಸಾವಿನ ಬಾಗಿಲನ್ನು ತಟ್ಟಿ ಬಂದ ತಾಯಿಯೊಬ್ಬಳಿಗೆ ಈ ನಡುಕವು ಲೆಕ್ಕಕ್ಕೇ ಬಾರದು. ದೋಷದ ತೂಕವು ದೋಷದಲ್ಲಿಲ್ಲ. ಅದನ್ನು ಹೊರುವವನ ಬಾಳಿನಲ್ಲಿದೆ. ವೈದ್ಯನು ತಕ್ಕಡಿಯನ್ನು ಹಿಡಿಯಬಲ್ಲನು. ತೂಕದ ಕಲ್ಲುಗಳನ್ನು ಇಡತಕ್ಕವನು ರೋಗಿಯೇ. ಆದುದರಿಂದ ತಿಳಿಸದೆ ಕೊಟ್ಟ ಔಷಧವು, ಗುಣ ಮಾಡಿದರೂ, ಧರ್ಮದ ದೃಷ್ಟಿಯಿಂದ ಅರ್ಧ ಚಿಕಿತ್ಸೆಯೇ ಸರಿ.

'ಮೊದಲೇ ಹೆದರಿದವನನ್ನು ಮತ್ತೂ ಹೆದರಿಸುವದೇ? ನಡುಕ ಬಂದೀತೆಂದು ಹೇಳಿದರೆ ಬಾರದ ನಡುಕವೂ ಬಂದೀತಲ್ಲ' ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಲಾರೆ. ನಿರೀಕ್ಷೆಯಿಂದಲೇ ಕೆಲವು ತೊಂದರೆಗಳು ಹುಟ್ಟುವದು ಪರೀಕ್ಷೆಗಳಲ್ಲಿ ಕಂಡ ಮಾತು. ಆದರೆ ಹೇಳುವದಕ್ಕೂ ಹೆದರಿಸುವದಕ್ಕೂ ಅಂತರವಿದೆ. 'ಇಂಥದೊಂದು ಕೆಲವರಲ್ಲಿ ಆಗಬಹುದು. ಆದರೆ ಬಂದು ತಿಳಿಸಿರಿ. ಪ್ರಮಾಣ ಇಳಿಸುವದು, ಔಷಧ ಬದಲಿಸುವದು ಮೊದಲಾದ ಉಪಾಯಗಳಿವೆ' ಎಂದು ಹೇಳಿದರೆ ಅದು ಭಯವಲ್ಲ, ಕೈಗೆ ಕೊಟ್ಟ ದೀಪ. ಹೇಳದೆ ಬಿಟ್ಟರೆ ರೋಗಿಯು ನಡುಕವನ್ನು ತನ್ನ ಹೊಸ ಪಾಪವೆಂದೋ ಹೊಸ ಹುಚ್ಚೆಂದೋ ತಿಳಿದು ಯಾರಿಗೂ ತಿಳಿಸದೆ ಗುಳಿಗೆಯನ್ನು ಎಸೆದುಬಿಡುವನು. ನಮ್ಮ ದೇಶದ ಕಾನೂನೂ ಈ ಪಕ್ಷವನ್ನೇ ಹಿಡಿದಿದೆ. 2018ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಗೆ ತನ್ನ ರೋಗದ ಸ್ವರೂಪವನ್ನೂ ಚಿಕಿತ್ಸೆಯನ್ನೂ ಅದರ ತಿಳಿದಿರುವ ಅಡ್ಡಪರಿಣಾಮಗಳನ್ನೂ ಅರಿಯುವ ಹಕ್ಕನ್ನು ಕೊಟ್ಟಿದೆ.

ತಿಳಿಸುವ ಹೊಣೆಯು ವೈದ್ಯನೊಬ್ಬನದೇ ಅಲ್ಲ, ರಾಜ್ಯದ್ದೂ ವ್ಯಾಪಾರಿಯದೂ ಹೌದು ಎಂಬದಕ್ಕೆ ಸಮೀಪದ ಒಂದು ಸಂಗತಿಯಿದೆ. ಡೆನ್ಮಾರ್ಕಿನ ಕಂಪನಿಯೊಂದು ಮೆಲಿಟ್ರಸೆನ್ ಎಂಬ ಖಿನ್ನತೆಯ ಔಷಧವನ್ನೂ ಫ್ಲುಪೆಂಥಿಕ್ಸಾಲ್ ಎಂಬ ಉನ್ಮಾದದ ಔಷಧವನ್ನೂ ಒಂದೇ ಗುಳಿಗೆಯಲ್ಲಿ ಬೆರೆಸಿ ಡಿಯನ್‌ಕ್ಸಿಟ್ ಎಂಬ ಹೆಸರಿನಿಂದ ಮಾರುತ್ತಿತ್ತು. ಎರಡನೆಯದು ಡೋಪಮೈನನ್ನು ತಡೆಯುವ ವರ್ಗಕ್ಕೆ ಸೇರಿದ್ದು. ಚಲನದೋಷಗಳು ಆ ವರ್ಗಕ್ಕೆ ಅಂಟಿಕೊಂಡೇ ಬಂದವುಗಳು. ಔಷಧದ ತವರಾದ ಡೆನ್ಮಾರ್ಕಿನಲ್ಲಿಯೇ ಇದರ ಮಾರಾಟಕ್ಕೆ ಅನುಮತಿಯಿಲ್ಲವೆಂಬದನ್ನು 2012ರಲ್ಲಿ ಸಂಸತ್ತಿನ ಸಮಿತಿಯು ತನ್ನ ವರದಿಯಲ್ಲಿ ಎತ್ತಿ ತೋರಿಸಿತು. 2013ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರವು ಇದರ ಮಾರಾಟವನ್ನು ತಡೆಯಿತು. ಕಂಪನಿಯು ಆ ಆಜ್ಞೆಯನ್ನು ಬೆಂಗಳೂರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಪ್ರಶ್ನಿಸಿತು. ವ್ಯಾಜ್ಯದ ಸೋಲುಗೆಲುವು ನ್ಯಾಯಶಾಸ್ತ್ರಿಗಳಿಗಿರಲಿ. ನಮಗೆ ಬೇಕಾದ ಪಾಠವು ಬೇರೆ. ಖಿನ್ನತೆಯ ಗುಳಿಗೆಯೆಂದು ನುಂಗುವವನಿಗೆ ಅದರಲ್ಲಿ ಉನ್ಮಾದದ ಔಷಧವೂ ಬೆರೆತಿದೆಯೆಂಬದು ತಿಳಿಯದಿದ್ದರೆ, ಅವನ ಒಪ್ಪಿಗೆಯು ಯಾವದಕ್ಕೆ ಕೊಟ್ಟ ಒಪ್ಪಿಗೆಯಾಯಿತು?

ಚಲನದೋಷದ ಚಿಕಿತ್ಸೆಯ ಕಡೆಗೆ ನೋಡಿದರೆ ಇನ್ನೊಂದು ವಿಚಿತ್ರವು ಕಾಣುವದು. ಟಾರ್ಡಿವ್ ಡಿಸ್ಕಿನೇಸಿಯಾಕ್ಕಾಗಿ 2017ರಲ್ಲಿ ಅಮೇರಿಕೆಯು ಒಪ್ಪಿದ ಎರಡು ಔಷಧಗಳು ಕೆಲಸ ಮಾಡುವದು, ಹಿಂದೆ ಸರ್ಪಗಂಧಿಯ ರಿಸರ್ಪಿನ್ ಕೈಯಿಟ್ಟ ನರದೊಳಗಿನ ಆ ಸ್ಥಾನದಲ್ಲಿಯೇ. ಆ ಕುಲದ ಔಷಧಗಳಿಗೆ ವಿಷಾದವನ್ನು ಹೆಚ್ಚಿಸಬಹುದೆಂಬ ಎಚ್ಚರಿಕೆಯೂ ಇದೆ. ವಿಷಾದದ ಮದ್ದು ಚಲನೆಯನ್ನು ಕೆಡಿಸಬಹುದು. ಚಲನೆಯ ಮದ್ದು ವಿಷಾದವನ್ನು ತರಬಹುದು. ಮನಸ್ಸೆಂದೂ ಮೈಯೆಂದೂ ನಾವು ಎಳೆದ ಗೆರೆಯನ್ನು ಗುಳಿಗೆಯು ಎರಡು ದಿಕ್ಕಿನಿಂದಲೂ ದಾಟುತ್ತಲಿದೆ.

ಇಷ್ಟು ವಿಚಾರದಿಂದ ಗೃಹಸ್ಥರಿಗೆ ಒದಗುವ ಕರ್ತವ್ಯಗಳು ಕಠಿಣವಾದವುಗಳಲ್ಲ. ಔಷಧವನ್ನು ಆರಂಭಿಸಿದ ದಿನವನ್ನೂ ಪ್ರಮಾಣವನ್ನೂ ಮನೆಯಲ್ಲಿರುವ ಬೇರೆ ಗುಳಿಗೆಗಳ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದಿಡಬೇಕು. ವೈದ್ಯರನ್ನು ಕಾಣುವಾಗ ಅದನ್ನು ಒಯ್ಯಬೇಕು. ವಿಶೇಷವಾಗಿ ವೃದ್ಧರ ನಡಿಗೆ, ಮುಖ, ಕೈಗಳನ್ನು ಮೊದಲ ತಿಂಗಳುಗಳಲ್ಲಿ ಗಮನಿಸಬೇಕು. ಅಡ್ಡಪರಿಣಾಮವನ್ನು ವರದಿ ಮಾಡುವದಕ್ಕೆ 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024 ಎಂಬ ಶುಲ್ಕವಿಲ್ಲದ ದೂರವಾಣಿಯಿದೆ. ರೋಗಿಗಳೂ ಅದಕ್ಕೆ ತಿಳಿಸಬಹುದು. ಮನಸ್ಸಿನ ಸಂಕಟಕ್ಕೆ 2022ರಿಂದ 14416 ಎಂಬ ಸರಕಾರದ ದೂರವಾಣಿಯಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ತಜ್ಞರು ದೂರವೆಂಬ ಮಾತೂ ಹಿಂದಿನಷ್ಟು ಉಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಯಿಸಿದ ಪ್ರಯೋಗವು, ಸಾಮಾನ್ಯ ಆರೋಗ್ಯ ಕೇಂದ್ರಗಳ ಮೂಲಕವೂ ಮಾನಸಿಕ ಚಿಕಿತ್ಸೆಯನ್ನು ಕೊಡಬಹುದೆಂದು ತೋರಿಸಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯೂ ಹತ್ತಿರದಲ್ಲಿಯೇ ಇದೆ.

ಸಾರಾಂಶವೇನೆಂದರೆ, ಔಷಧದಿಂದ ನಡುಗುವ ಕೈಯು ಆ ಮನುಷ್ಯನ ದೌರ್ಬಲ್ಯದ ಗುರುತಲ್ಲ. ಅವನು ಗುಣ ಹೊಂದುವದಕ್ಕಾಗಿ ತೆತ್ತ ಬೆಲೆಯ ಗುರುತು. ಆ ಬೆಲೆಯು ನ್ಯಾಯವಾದದ್ದೇ, ಇಳಿಸಬಹುದಾದದ್ದೇ ಎಂದು ಕೇಳುವದು ಅವನ ಹಕ್ಕು. ಕೇಳುವಾಗ ಅವನ ಪಕ್ಕದಲ್ಲಿ ನಿಲ್ಲುವದು ಮನೆಯವರ ಧರ್ಮ. ವಿಷಾದದಲ್ಲಿದ್ದವನಿಗೆ ನಾವು ಮಾತಿನಿಂದ ಮಾಡಬಹುದಾದ ಉಪಕಾರವು ಅಲ್ಪವಾಗಿರಬಹುದು. ಆದರೆ ಅವನ ಕೈ ನಡುಗುತ್ತಿರುವಾಗ ಚಹದ ಬಟ್ಟಲನ್ನು ಅರ್ಧಕ್ಕೆ ಮಾತ್ರ ತುಂಬಿ, ಏನೂ ನೋಡದವರ ಹಾಗೆ ಮುಂದಿಡುವದು ಯಾರಿಗೂ ಅಸಾಧ್ಯವಾದ ಕೆಲಸವಲ್ಲ.